ಒಂದೇ ಡಬ್ಬಿಯ ಯಲ್ಲಾರಿ
ಹತ್ತರಗಿಯ ಹೆದ್ದಾರಿ ಬದಿಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಯಲ್ಲಾರಿಯ ಪಾಲಿಗೆ ಬಣ್ಣದ ಕೆಳಗೆ ಮೊದಲು ಬಳಿಯಲು ಜಗತ್ತಿನಲ್ಲಿ ಇರುವುದು ಒಂದೇ ಪ್ರೈಮರ್, ತನ್ನ ಮುಚ್ಚಳವಿಲ್ಲದ ಡಬ್ಬಿಯ ಬೂದು ಪ್ರೈಮರ್. ಬರಿ ತಗಡಿಗೂ ಅದೇ, ಪ್ಲಾಸ್ಟಿಕ್ ಬಂಪರಿಗೂ ಅದೇ, ತುಕ್ಕು ಹಿಡಿದು ಜಂಗು ತಿಂದ ಬಾಗಿಲಿಗೂ ಅದೇ; ಮೊದಲು ಜಂಗು ಕೆರೆದು ತೆಗೆಯುವುದಂತೂ ಅವನ ಜಾಯಮಾನದಲ್ಲೇ ಇಲ್ಲ. ಕೇಳಿದರೆ, “ಮ್ಯಾಲ ಬಣ್ಣ ಹೊಡದಮ್ಯಾಲ ಒಳಗಿಂದ ಯಾರ ನೋಡಾಕ ಬರ್ತಾರ್ರಿ?” ಎನ್ನುತ್ತಾನೆ. ಮೊದಲ ಮಳೆಗೇ ಬಣ್ಣ ಹಪ್ಪಳದಂತೆ ಉಬ್ಬಿದರೆ, “ನೀವು ಧುಪದಾಳ ಕಡೆ ಹೋಗಿರಬೇಕ ನೋಡ್ರಿ, ಅಲ್ಲಿ ಹೊಳಿ ಐತಿ, ಹವಾದಾಗ ನೀರ ಭಾಳ” ಎಂದು ಹೊಳೆಯ ಮೇಲೆ ತಪ್ಪು ಹೊರಿಸುತ್ತಾನೆ. ಇಂಥವನು ಮೊನ್ನೆ, ನಾನು ಕಾರು ರಿಪೇರಿಗೆ ಬಿಡಲು ಹೋದಾಗ, ಊರಿನ ಶವವಾಹನದ ತಳಕ್ಕೆ ಹೊಸ ತಗಡು ಬೆಸೆದು, ಸುತ್ತಲಿನ ಜಂಗನ್ನೆಲ್ಲ ಕೆರೆದು, ತಗಡಿಗೆ ಸರಿಹೊಂದುವ ಎಪಾಕ್ಸಿ ಪ್ರೈಮರನ್ನೇ ತಂದು ದೇವರ ಕೆಲಸದಂತೆ ಹಚ್ಚುತ್ತಿದ್ದ. ಅಂದರೆ ಈ ಕಳ್ಳನಿಗೆ ಎಲ್ಲ ಗೊತ್ತಿದೆ! “ಇದಕ್ಕ ಯಾಕೋ ಯಲ್ಲಾರಿ ಇಷ್ಟ ಉಪಚಾರ?” ಎಂದೆ. ಅವನು ತಲೆ ಎತ್ತಲಿಲ್ಲ. “ನಮ್ಮವ್ವನ್ನ ಇದರಾಗ ಒಯ್ದಿವ್ರಿ. ತಳಾ ಜಂಗ್ ತಿಂದು ತೂತ ಬಿದ್ದಿತ್ತು. ಅಕಿ ಬಾಜೂಕ ಕುಂತು, ಸುಡುಗಾಡ ಬರೂತನಕ ಕೆಳಗಿನ ರಸ್ತಾನ ನೋಡಿದ್ನಿ.” ಆಮೇಲೆ ಎದ್ದು ಕೈ ಒರೆಸಿಕೊಂಡು, ನನ್ನ ಕಾರಿನ ಜಂಗು ಹಿಡಿದ ಬಾಗಿಲಿಗೆ ಅದೇ ಬೂದು ಡಬ್ಬಿಯನ್ನು ಎತ್ತಿಕೊಂಡ.