ಗುಂಡುಕಲ್ಲು ತೆರೆದ ಕಿಟಕಿ

ಈಚೆಗೆ ಯಾರ ಮನೆಗೆ ಹೋದರೂ ಕುಶಲ ಕೇಳುವ ಮೊದಲೇ ನನ್ನ ಕಣ್ಣು ಕಿಟಕಿಯ ಚಿಲಕವನ್ನು ಹುಡುಕುತ್ತದೆ. ಸಿಕ್ಕರೆ ಕೈ ಸುಮ್ಮನಿರದೆ ತೆಗೆದು ಹಾಕಿ ನೋಡುತ್ತದೆ. ಗೌರಿಬಿದನೂರಿನ ಬೀಗರೊಬ್ಬರು ನನ್ನ ಈ ಪರೀಕ್ಷೆಯನ್ನು ಕಂಡು ಬೀರುವಿನ ಬೀಗದ ಕೈಯನ್ನು ಮೆಲ್ಲನೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರನ್ನು ದೂರಲಾರೆ, ದೂರಬೇಕಾದದ್ದು ನನ್ನ ಸೋದರಮಾವನನ್ನು.

ಶಿಡ್ಲಘಟ್ಟದ ತೋಟದಲ್ಲಿ ಮಾವ ರೇಷ್ಮೆ ಹುಳಕ್ಕೆಂದು ಕಟ್ಟಿಸಿರುವ ಮನೆಯನ್ನು ನೀವು ನೋಡಬೇಕು: ನಾಲ್ಕೂ ಕಡೆ ಕಿಟಕಿ, ನೊಣ ಬಾರದಂತೆ ಬಲೆ, ಸುತ್ತ ಹೊಂಗೆಯ ನೆರಳು, ಬೇಸಗೆಯಲ್ಲಿ ಒದ್ದೆ ಗೋಣಿಯ ಪರದೆ. ಅದೇ ಮಹಾನುಭಾವರು, ನಮ್ಮ ಊರುಗಳೆಲ್ಲ ಬೆಂಗಳೂರಾಗಲು ಹಟ ತೊಟ್ಟ ಆ ವರ್ಷಗಳಲ್ಲಿ, ಚಿಕ್ಕಬಳ್ಳಾಪುರದಲ್ಲಿ ಮನುಷ್ಯರಿಗೆಂದು ಎಬ್ಬಿಸಿದ ಮೂರಂತಸ್ತಿಗೆ ನೀಲಿ ಗಾಜು ಮೆತ್ತಿಸಿದರು. ಬೆಟ್ಟ ಕಾಣುತ್ತದೆ, ಅದರ ಗಾಳಿ ಬರುವುದಿಲ್ಲ. ಮರ ಕಾಣುತ್ತದೆ, ಹಕ್ಕಿಯ ದನಿ ಕೇಳುವುದಿಲ್ಲ. ಪ್ರಕೃತಿಯನ್ನು ಕ್ಯಾಲೆಂಡರಿನ ಚಿತ್ರ ಮಾಡಿ ತೂಗುಹಾಕಿದಂತೆ!

"ಏಸಿ ಇರೋ ಕಡೆ ಕಿಟಕಿ ಯಾಕಮ್ಮ, ಧೂಳು ಕುಡಿಯಕ್ಕಾ? ಡಿಗ್ರಿ ಓದಿದೋಳು ನೀನು!" ಎಂದು, ಕಿಟಕಿಯೆಲ್ಲಿ ಅಂತ ಕೇಳಿದ ನನ್ನನ್ನೇ ತಿದ್ದಿದರು.

ಮೇಲಿನ ಹಾಲ್‌ನಲ್ಲಿ ಅವರ ಮೊಮ್ಮಗಳ ನಾಮಕರಣ, ಸಮಾರಂಭಗಳಿಗೆ ಬಾಡಿಗೆಗೆ ಕೊಡಲೆಂದು ಕಟ್ಟಿಸಿದ ಆ ಹಾಲಿನ ಮೊದಲ ಕಾರ್ಯ. ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವ ಗುಂಡುಕಲ್ಲಿಗೆ ಅತ್ತೆ ಕುಲಾವಿ ಕಟ್ಟುತ್ತಿದ್ದಾಗ ಕರೆಂಟು ಹೋಯಿತು. ಮೆಟ್ಟಿಲ ಕೆಳಗಿದ್ದ ಜನರೇಟರು ಗುಡುಗಿತು. ಅದರ ಹೊಗೆ ಇದ್ದೊಂದು ಮೆಟ್ಟಿಲ ದಾರಿಯಲ್ಲೇ ಏರಿ ಬಂದು ಹಾಲ್ ತುಂಬಿತು. ಇಳಿಯಹೋದವರು ಕೆಮ್ಮುತ್ತ ಹಿಂದಿರುಗಿದರು. ಇಂದಿಗೂ ಕಣ್ಣು ಮುಚ್ಚಿದರೆ, ಇಲ್ಲದ ಚಿಲಕಕ್ಕಾಗಿ ಗಾಜನ್ನು ತಡವುತ್ತಿದ್ದ ಕೈಗಳು ಕಾಣುತ್ತವೆ. ಅಳುತ್ತಿದ್ದ ಮಗು ಥಟ್ಟನೆ ಸುಮ್ಮನಾಯಿತು.

"ಗಾಜು ಒಡೀರೋ!" ಅತ್ತೆ ಕಿರುಚಿದರು.

"ತಡಿಯೇ, ಫಾರಿನ್ ಗ್ಲಾಸ್ ಕಣೇ ಅದು!" ಆ ಹೊಗೆಯಲ್ಲೂ ಮಾವ!

ಅತ್ತೆ ತಡೆಯಲಿಲ್ಲ. ಕುಲಾವಿ ಸಮೇತ ಗುಂಡುಕಲ್ಲು ಗಾಜು ಸೀಳಿ ಹಿಂದಿನ ಖಾಲಿ ಸೈಟಿಗೆ ಬಿತ್ತು, ಗಾಳಿ ನುಗ್ಗಿತು. ಸೊಸೆ ಮಗುವನ್ನು ಆ ಕಿಂಡಿಗೆ ಒಡ್ಡಿ ನಿಂತಳು. ಯುಗ ಕಳೆದಂತಾದ ಮೇಲೆ ಅದು ಅತ್ತಿತು.

"ಹುಳಕ್ಕಿರೋ ಮರ್ಯಾದೆ ಮೊಮ್ಮಗಳಿಗಿಲ್ವೇನ್ರೀ?" ಎಂದರು ಅತ್ತೆ.

ಇಷ್ಟಾದರೂ ಮಾವ ಅದೇ ನೀಲಿ ಗಾಜಿಗೆ ಮತ್ತೆ ಅಳತೆ ಕೊಟ್ಟು ಬಂದರೆಂದರೆ ನಂಬುತ್ತೀರಾ? ಕಟ್ಟಡದ ಮುಖ ಕೆಡುತ್ತದಂತೆ. ಮುಖಕ್ಕೆ ಮೂಗೂ ಬೇಕೆಂಬುದು ಆ ಮುಖದ ನಕ್ಷೆ ಬಿಡಿಸಿದವರಿಗಾದರೂ ತೋಚಬೇಡವೆ?

ಮಗುವನ್ನು ಆ ಮೆಟ್ಟಿಲು ಹತ್ತಿಸಲು ಅತ್ತೆ ಒಪ್ಪಲಿಲ್ಲ. ಬೆಳೆ ಮುಗಿದು ಖಾಲಿಯಿದ್ದ ಹುಳದ ಮನೆಯಲ್ಲೇ ನಾಮಕರಣ ನಡೆಯಿತು. ಅಂಚು ಮುಕ್ಕಾದ ಗುಂಡುಕಲ್ಲು ಹೊಸ ಕುಲಾವಿ ತೊಟ್ಟು ತೊಟ್ಟಿಲೇರಿತು. ಹಿಪ್ಪುನೇರಳೆ ತೋಟದ ಗಾಳಿ ಬರಲೆಂದು ಮಾವ ತಾವೇ ಒಂದೊಂದು ಕಿಟಕಿ ತೆರೆಯುತ್ತಿದ್ದರು.

"ಮಾವ, ಆ ಹಾಲ್‌ನಲ್ಲಿ ನಾಳೆ ಬೇರೆಯೋರ ಮಗು ಮಲಗುತ್ತಲ್ಲ?" ಎಂದೆ.

ಚಿಲಕದ ಮೇಲಿದ್ದ ಅವರ ಕೈ ಅಲ್ಲೇ ನಿಂತಿತು.

ಗಾಜಿನಂಗಡಿಯವನು ಮಾವನ ಮುಂಗಡಕ್ಕೆ ಇನ್ನೂ ಕಾಯುತ್ತಿದ್ದಾನಂತೆ. ಯಾರ ಮನೆಗೆ ಹೋದರೂ ಚಿಲಕ ಹುಡುಕುವವರು ಈಗ ನಾವಿಬ್ಬರು.