ಹೊಂಗೆಯ ಬುಡದಲ್ಲಿ ಕೆಂಪು ಹೂವು

ಹೊಂಗೆ ಮರಕ್ಕೆ ಒರಗಿದ್ದ ಮುರಿದ ಕೊಂಬೆಯಲ್ಲಿ ಕೆಂಪು ಹೂಗಳಿದ್ದವು. ಹೊಂಗೆ ಕೆಂಪು ಹೂ ಬಿಡುವುದಿಲ್ಲ.

ಯಲಹಂಕದ ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿ ಅದರ ಫೋಟೋ ತೆಗೆಯುತ್ತಿದ್ದರು. ಯಾವ ಮರವನ್ನಾದರೂ ತೆಂಗಿನಕಾಯಿ ಆರಿಸುವವರಂತೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಒಳಗೆ ಟೊಳ್ಳು ಕಣಮ್ಮ" ಎನ್ನುವುದು ಅವರ ಅಭ್ಯಾಸವಾಗಿತ್ತು. ಗಟ್ಟಿ ಎಂದದ್ದನ್ನು ನಾನೆಂದೂ ಕೇಳಿರಲಿಲ್ಲ. ಈ ಹೊಂಗೆ ನಮ್ಮ ಗೇಟಿನ ಪಕ್ಕದ್ದು. ಎದುರು ಮನೆಯಲ್ಲೇ ಇದ್ದ ಅವರು ತಮ್ಮ ಹೊಸ ಕಾರನ್ನು ಹೊರತೆಗೆಯುವಾಗ ಅದು ಅಡ್ಡ ಬರುತ್ತಿತ್ತು.

"ಅಂಕಲ್, ಇದು ಆ ಮೂಲೆ ಗುಲ್‌ಮೊಹರ್ ಕೊಂಬೆ ಅಲ್ವಾ?"

"ರಾತ್ರಿ ಗಾಳಿ ನೋಡಿದ್ಯಲ್ಲ, ಎಲ್ಲಿಂದೆಲ್ಲಿಗೋ ತಂದು ಹಾಕಿದೆ," ಎಂದು ನಕ್ಕರು. "ಮಳೇಲಿ ಡ್ಯಾಮೇಜ್ ಆದ ಮರಾನ ಪಾಲಿಕೆಯವರು ಈಗ ಬಂದು ನೋಡೋದೂ ಇಲ್ಲ. ಫೋಟೋ ಕಳಿಸಿದ್ರೆ ಕಡಿಯೋಕೆ ಪರ್ಮಿಷನ್. ನಾಳೆ ಗರಗಸದವರು ಬರ್ತಾರೆ, ನಿನ್ ಸ್ಕೂಟರ್ ಒಳಗಿಟ್ಕೋಮ್ಮ."

ಅವರ ಬಿಳಿ ಷರಟಿನ ತೋಳಿಗೆ ಕೆಂಪು ಎಸಳೊಂದು ಅಂಟಿಕೊಂಡಿತ್ತು.

ಮರುದಿನ ಬೆಳಿಗ್ಗೆ ನಾನು ಆ ಕೊಂಬೆಯನ್ನು ಮೂಲೆಯ ಗುಲ್‌ಮೊಹರಿನ ಬುಡಕ್ಕೆ ಎಳೆದು ಹಾಕಿದೆ. ಹೊಂಗೆಯನ್ನು ಒಮ್ಮೆ ತಟ್ಟಿ ನೋಡಿದೆ, ನನಗೇನೂ ತಿಳಿಯಲಿಲ್ಲ. ಸ್ಕೂಟರನ್ನು ಅದರ ಬುಡಕ್ಕೆ ಒತ್ತಿ ನಿಲ್ಲಿಸಿ, ಬೀಗ ಹಾಕಿ, ಬಸ್ಸಿನಲ್ಲಿ ಕೆಲಸಕ್ಕೆ ಹೋದೆ.