ದರ್ಜಿ ಭಾವನ ಏಳು ಸೆಕೆಂಡು

ನಮ್ಮ ಭಾವ ದರ್ಜಿ. ಹೊಲಿಗೆ ಯಂತ್ರ ತುಳಿದು ಪಳಗಿದ ಕಾಲು, ಸಂಜೆ ಅಂಗಡಿ ಮುಚ್ಚಿದ ಮೇಲೂ ಸುಮ್ಮನಿರುವುದಿಲ್ಲ. ಹಿಂದಿನ ಕೋಣೆಯಲ್ಲಿ ಎರಡು ಕೀಬೋರ್ಡು, ಒಂದು ಕಂಪ್ಯೂಟರು, ಕೆಳಗೆ ಕಾಲಿನಿಂದ ನುಡಿಸಲು ಮರದ ಪಟ್ಟಿಗಳ ಸಾಲು ಇಟ್ಟುಕೊಂಡಿದ್ದಾರೆ. ದೂರದ ಯಾವುದೋ ದೊಡ್ಡ ಚರ್ಚಿನ ಪೈಪ್ ಆರ್ಗನ್ನಿನ ಒಂದೊಂದು ಕೊಳವೆಯ ದನಿಯನ್ನೂ ಯಾರೋ ಪುಣ್ಯಾತ್ಮರು ಹಿಡಿದು ಆ ಕಂಪ್ಯೂಟರಿಗೆ ತುಂಬಿದ್ದಾರಂತೆ. ಕೀಲಿ ಒತ್ತಿದರೆ ಚರ್ಚಿಗೆ ಚರ್ಚೇ ಮೊಳಗುತ್ತದೆ. ಬೆರಳು ಎತ್ತಿದ ಮೇಲೂ ಆ ದೊಡ್ಡ ಚರ್ಚಿನ ಪ್ರತಿಧ್ವನಿ ಏಳು ಸೆಕೆಂಡು ಗುಂಯ್ಗುಡುತ್ತದೆ.

ಭಾವನಿಗೆ ಪ್ರಾಣ ಅಂದರೆ ಕೋರಲ್, ಸಭೆಯವರೆಲ್ಲ ಒಟ್ಟಿಗೆ ಹಾಡುವ ಸರಳ ಕೀರ್ತನೆ. ಅದರ ರಾಗವನ್ನು ಕಾಲಿಗೆ ಕೊಟ್ಟು, ಕೈಯಲ್ಲಿ ಸುತ್ತ ಕಸೂತಿ ಹಾಕುತ್ತಾರೆ. ಸಾಲು ಮುಗಿದಾಗಲೆಲ್ಲ ಕಣ್ಣು ಮುಚ್ಚಿ, ಗುಂಯ್ ಅನ್ನುವುದು ಪೂರ್ತಿ ಅಡಗುವ ತನಕ ಕಾಯುತ್ತಾರೆ. ಒಂಬತ್ತು ವರ್ಷದಿಂದ ಇದೇ ಕಥೆ. ಅವರಿಗಿದ್ದ ಆಸೆ ಒಂದೇ: ತಾವು ನುಡಿಸಬೇಕು, ಜನ ಹಾಡಬೇಕು. ನಮ್ಮ ಅಕ್ಕನೇ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. "ಅಲ್ಲಿ ಕೂತ್ರೆ ಹಲ್ಲು ನಡುಗುತ್ತೆ" ಅನ್ನುವುದು ಅವಳ ವಿಮರ್ಶೆ.

ಹೀಗಿರುವಾಗ ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವರು ಕೈ ಮುರಿದುಕೊಂಡರು. ಪಾದ್ರಿಗಳು ಅಂಗಡಿಗೇ ಬಂದು, "ಈ ಭಾನುವಾರ ನೀವೇ ನುಡಿಸಿ. ಜನ ಸರಿಯಾಗಿ ಹಾಡಿದ್ರೆ ತಿಂಗಳಿಗೊಂದು ವಾರ ನಿಮ್ಗೇ ಬಿಟ್ಕೊಡ್ತೀವಿ" ಅಂದರು. ಆ ವಾರ ಭಾವ ಎರಡು ಅಂಗಿಗಳಿಗೆ ತೋಳು ಅದಲುಬದಲು ಹೊಲಿದರು.

ನಮ್ಮ ಚರ್ಚು ಚಿಕ್ಕದು. ತಗ್ಗು ಸೂರು, ನೆಲಕ್ಕೆ ದಪ್ಪ ಜಮಖಾನ. ಜೋರಾಗಿ ಸೀನಿದರೂ ಅಲ್ಲಿ ಪ್ರತಿಧ್ವನಿ ಇಲ್ಲ. ಭಾವ ಮೊದಲ ಸಾಲು ನುಡಿಸಿದರು, ಸಭೆ ಹಾಡಿತು. ಆಮೇಲೆ ಅಭ್ಯಾಸ ಬಲ, ಭಾವ ಕಣ್ಣು ಮುಚ್ಚಿ ಕಾದರು. ಪೂರ್ತಿ ಏಳು ಸೆಕೆಂಡು. ಕೆಲವರು ಎರಡನೇ ಸಾಲಿಗೆ ನುಗ್ಗಿದರು, ಕೆಲವರು ಕೂತೇಬಿಟ್ಟರು. ಮುಂದಿನ ಬೆಂಚಿನ ಅಜ್ಜ ಎಲ್ಲ ಮುಗಿಯಿತೆಂದು "ಆಮೆನ್" ಅಂದು ಕೊಡೆ ಕೈಗೆತ್ತಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಭಾವನ ಕೆಂಪಾದ ಕಿವಿ ಕಂಡಮೇಲೆ ಮಾತ್ರ ಬಾಯಿಗೆ ಕರವಸ್ತ್ರ ಒತ್ತಿಕೊಂಡೆ.

ಅಕ್ಕ ಎದ್ದು ನೆಟ್ಟಗೆ ಅವರ ಪಕ್ಕಕ್ಕೆ ಹೋಗಿ ನಿಂತಳು.

"ರೀ, ಯಾರಿಗೆ ಕಾಯ್ತಿದ್ದೀರಿ? ಹಾಡೋರೆಲ್ಲ ಇಲ್ಲೇ ಇದ್ದೀವಿ."

ಭಾವ ಮತ್ತೆ ಮೊದಲಿನಿಂದ ಶುರು ಮಾಡಿದರು. ಸಾಲಿನ ಕೊನೆಗೆ ಕಾಲು ತಾನಾಗಿಯೇ ನಿಂತಿತು. ಅಕ್ಕ ಕಾಯಲಿಲ್ಲ, ಉಸಿರೆಳೆದು ಮುಂದಿನ ಸಾಲು ಎತ್ತಿಯೇಬಿಟ್ಟಳು, ಶ್ರುತಿಗೂ ಅವಳಿಗೂ ಸಂಬಂಧವೇ ಇಲ್ಲದಂತೆ. ಭಾವನ ಕಾಲು ಎದ್ದೆನೋ ಬಿದ್ದೆನೋ ಎಂದು ಅವಳ ಹಿಂದೆ ಓಡಿತು, ಸಭೆಯೂ ಓಡಿತು. ಕೊನೆಯ ಪದ್ಯದ ಹೊತ್ತಿಗೆ ಎಲ್ಲರೂ ಒಟ್ಟಿಗಿದ್ದರು.

ತಿಂಗಳಿಗೊಂದು ವಾರ ಭಾವನಿಗೇ ಸಿಕ್ಕಿತು. ಪಾದ್ರಿಗಳ ಷರತ್ತು ಒಂದೇ, ಅಕ್ಕ ಪಕ್ಕದಲ್ಲಿ ನಿಂತು ಹಾಡಬೇಕು.

"ನಂಗೆ ಹಾಡೋಕೆ ಬರಲ್ಲ" ಅಂದಳು ಅಕ್ಕ.

"ಅದು ಎಲ್ಲರಿಗೂ ಗೊತ್ತಾಯ್ತಮ್ಮ" ಅಂದರು ಪಾದ್ರಿಗಳು.

ನಾವೆಲ್ಲ ನಕ್ಕೆವು. ಭಾವ ಅತ್ತುಬಿಟ್ಟರು. ಒಂಬತ್ತು ವರ್ಷದಲ್ಲಿ ಅವರ ಜೊತೆ ಹಾಡಲು ಎದ್ದುಬಂದವಳು ಅವಳೊಬ್ಬಳೇ.